ಎದುರು ಮಾತಾಡುವ ವಿದ್ಯೆ

"ನನಗೊಂದು ಕಲ್ಲು ಕೊಡಿ," ಎನ್ನುತ್ತಿದ್ದರು ಇಸ್ತೊಂಗ್ ಸರ್. "ಕಲ್ಲಿಲ್ದಿದ್ರೆ ಗೆಣಸು ಕೊಟ್ರೂ ನಡೀತದೆ. ಒಂದೇ ಒಂದು ಸೆಮಿಸ್ಟರ್. ಬಿಷಪ್ಪರ ಎದುರು ಎದ್ದು ನಿಂತು, ಸ್ವಾಮಿ ನೀವು ಹೇಳೋದು ಸರಿಯಿಲ್ಲ ಅನ್ನೋ ಹಾಗೆ ಮಾಡಿ ವಾಪಸ್ ಕೊಡ್ತೀನಿ."

ಈ ಮಾತನ್ನು ಅವರು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದರು. ಮೊಲೊ ಬಡಾವಣೆಯ ಕಡೆಗೆ ಹೋಗುವ ಜೀಪ್ನಿ ಗಾಡಿಗಳಲ್ಲಿ ಹೇಳಿದ್ದರು, ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಪಕ್ಕ ಓಡಾಡುವಾಗ ಹೇಳಿದ್ದರು, ಹಲ್ಲು ಕೀಳಿಸಿಕೊಳ್ಳುವಾಗ ಇಕ್ಕಳ ಬಾಯೊಳಗಿದ್ದರೂ ಹೇಳಿದ್ದರು. ಕೇಳಿದವರೆಲ್ಲ "ಹೌದು ಸರ್, ಖಂಡಿತ ಸರ್" ಅಂದರು. ತೊಂದರೆ ಇದ್ದದ್ದೇ ಅಲ್ಲಿ. ಮೂವತ್ತು ವರ್ಷಗಳಲ್ಲಿ ಒಬ್ಬನಾದರೂ "ಗೆಣಸಿಗೆ ಬಾಯೆಲ್ಲಿದೆ ಸರ್?" ಎಂದು ಕೇಳಲಿಲ್ಲ.

ಪೂರ್ತಿ ಹೆಸರು ಎವರಿಸ್ತೊ ತಕ್ಸಗೋನ್. ನಮ್ಮ ಪನಾಯ್ ದ್ವೀಪದ ಇಲೊಇಲೊ ನಗರದ ಒಂದು ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ವಾದ ಮಾಡಿ ಬರೆಯುವುದನ್ನು ಕಲಿಸುವುದು ಅವರ ಕೆಲಸ. ಒಂದು ಮಾತು ಹೇಳು, ಅದಕ್ಕೆ ಸಾಕ್ಷಿ ಕೊಡು, ಎದುರಿನವನು ಏನನ್ನುತ್ತಾನೆಂದು ಯೋಚಿಸು, ಅವನಿಗೆ ಉತ್ತರ ಕೊಡು, ಆಮೇಲೆ ತೀರ್ಮಾನಕ್ಕೆ ಬಾ. ಪಾಠ ಇಷ್ಟೇ. ಮರುಭೂಮಿಯಲ್ಲಿ ಈಜು ಕಲಿಸುವುದು ಇದಕ್ಕಿಂತ ಸುಲಭವಿರಬಹುದು. ಏಕೆಂದರೆ ನಾವು ಇಲ್ಲಿನ ಇಲೊಂಗೊ ಜನ ಬಾಯಿ ಬಿಟ್ಟರೆ ಜೋಗುಳ. ನಮ್ಮ ಬೈಗುಳಕ್ಕೂ ರಾಗವಿದೆ. ಒಮ್ಮೆ ಪೇಟೆಯ ನಡುವೆ ಎರಡು ಜೀಪ್ನಿಗಳು ಗುದ್ದಿಕೊಂಡು ಚಾಲಕರಿಬ್ಬರೂ ಜಗಳಕ್ಕೆ ನಿಂತಾಗ, ಅವರ ದನಿ ಕೇಳುತ್ತ ಕೇಳುತ್ತ ಎರಡೂ ಗಾಡಿಯ ಪ್ರಯಾಣಿಕರು ನಿದ್ದೆ ಹೋದರು. ಅವರನ್ನು ಎಬ್ಬಿಸಲು ಅಗ್ನಿಶಾಮಕ ದಳ ಬರಬೇಕಾಯಿತು. ಸುಳ್ಳೆನ್ನುವವರು ಬಂದು ನನ್ನ ಮುಖಕ್ಕೇ ಹೇಳಲಿ. ನಮ್ಮೂರಿನವರಾದರೆ ಯಾರೂ ಬರುವುದಿಲ್ಲ ಎಂಬ ಧೈರ್ಯ ನನಗಿದೆ.

ಇಂಥ ಮನೆಗಳಿಂದ ಬಂದ ಮಕ್ಕಳು ಎಂಥ ಪ್ರಬಂಧ ಬರೆದಾರು? ಮರಣದಂಡನೆ ಬೇಕೇ ಬೇಡವೇ ಎಂದು ಕೇಳಿದರೆ, "ಎರಡೂ ಕಡೆ ಒಳ್ಳೆಯ ಅಂಶಗಳಿವೆ, ಗಲ್ಲಿಗೇರಿಸಬಹುದು, ಆದರೆ ಅವನಿಗೆ ಬೇಸರವಾಗದ ಹಾಗೆ" ಎಂದು ಬರೆದು, ಕೊನೆಯಲ್ಲಿ ದೇವರು ಎಲ್ಲರಿಗೂ ಒಳ್ಳೆಯದು ಮಾಡಲಿ ಎಂದು ಹಾರೈಸುತ್ತಿದ್ದರು. ಇಸ್ತೊಂಗ್ ಸರ್ ಕೆಂಪು ಶಾಯಿಯಲ್ಲಿ "ನಿನ್ನ ಅಭಿಪ್ರಾಯವೇನು?" ಎಂದು ಕೇಳಿ ಹಿಂದಿರುಗಿಸಿದರೆ, ಮಾರನೆಯ ದಿನ "ನಿಮ್ಮ ಅಭಿಪ್ರಾಯವೇ ಸರ್" ಎಂಬ ಉತ್ತರದೊಂದಿಗೆ ಹಾಳೆ ಮರಳಿ ಬರುತ್ತಿತ್ತು.

ಅವರೊಂದಿಗೆ ಎದುರು ಮಾತಾಡಿದ ಜೀವ ಈ ಭೂಮಿಯ ಮೇಲೆ ಒಂದೇ ಒಂದಿತ್ತು: ಹೆಂಡತಿ ಲಿಗಾಯಾ. ಆಕೆ ಬೇರೆ ದ್ವೀಪದ ಬತಂಗಾಸಿನವಳು. ಬತಂಗಾಸಿನವರು ಅನ್ನ ಬೆಂದಿದೆ ಎಂದು ಹೇಳಿದರೂ ಮನೆಗೆ ಬೆಂಕಿ ಬಿದ್ದಂತೆ ಕೇಳಿಸುತ್ತದೆ. ಮದುವೆಯಾದ ಹೊಸದರಲ್ಲಿ ಅವಳು ಊಟಕ್ಕೆ ಕರೆದದ್ದನ್ನು ಕೇಳಿ ಅಕ್ಕಪಕ್ಕದವರು ಬಡಾವಣೆಯ ಮುಖಂಡನನ್ನು ಕರೆತಂದಿದ್ದರು.

"ಏನ್ರೀ ಇದು, ಸಾರಿಗೆ ಉಪ್ಪು ಹಾಕೀರೋ, ಸಮುದ್ರಾನ ಸುರುವೀರೋ?" ಎಂದು ಅವಳು ಗುಡುಗಿದರೆ ಇಸ್ತೊಂಗ್ ಸರ್ ಮುಖ ಅರಳುತ್ತಿತ್ತು. "ಸಾಕ್ಷಿ?" ಎನ್ನುತ್ತಿದ್ದರು. "ನನ್ನ ನಾಲಿಗೀನ ಸಾಕ್ಷಿ! ಸುಮ್ನ ನೀರು ಹಾಕ್ರಿ!" ಅಲ್ಲಿಂದ ಮುಂದೆ ಊಟ ಮುಗಿಯುವವರೆಗೆ ವಾದ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ "ಇಲ್ಲ" ಎನ್ನುವ ಖಾತೆ ಪೂರ್ತಿ ಲಿಗಾಯಾಳದು. ಇಸ್ತೊಂಗ್ ಸರ್ ಹುಟ್ಟಿದಂದಿನಿಂದ ಯಾರಿಗೂ ಇಲ್ಲ ಎಂದವರಲ್ಲ. ಬಾಗಿಲಿಗೆ ಯಾರಾದರೂ ಬಂದು ಮೆಲ್ಲಗೆ ಏನಾದರೂ ಕೇಳಿದರೆ ಸಾಕು, ಅವರ ತಲೆ ತಾನಾಗಿಯೇ ಹೂಂ ಎಂದು ಅಲ್ಲಾಡುತ್ತಿತ್ತು. ಲಿಗಾಯಾ ಹಿಂದಿನಿಂದ ಬಂದು "ಆಗೂದಿಲ್ಲ" ಎಂದು ಬಾಗಿಲು ಹಾಕುತ್ತಿದ್ದಳು. ಅವಳು ಕಾಯಿಲೆಯಾಗಿ ತೀರಿಕೊಂಡ ವರ್ಷವೇ ಅವರು ಮೊಲೊದ ಅರ್ಧ ಕೂಸುಗಳಿಗೆ ಧರ್ಮತಂದೆಯಾದರು. ಎಂದೂ ಹಾಡದ ಮನುಷ್ಯ ಚರ್ಚಿನ ಗಾಯನ ತಂಡಕ್ಕೆ ಸೇರಿ, ಈಸ್ಟರ್ ಹಬ್ಬದವರೆಗೂ ಬಾಯಿ ಮಾತ್ರ ಆಡಿಸಿದರು. ಇಲ್ಲ ಎನ್ನುವುದನ್ನು ಊರಿಗೆಲ್ಲ ಕಲಿಸುವ ಗುರುವಿಗೆ ಆ ಎರಡಕ್ಷರ ಬಾಯಿಗೆ ಬರುತ್ತಿರಲಿಲ್ಲ.

ಅವಳು ಹೋದಮೇಲೆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೊ ಒಂದೇ. ಸರ್ ವಾರ್ತೆ ಓದುವವನ ಜತೆ ಜಗಳಕ್ಕೆ ನಿಲ್ಲುತ್ತಿದ್ದರು. ಅವನು ನಮ್ಮೂರಿನವನೇ, ಏನಂದರೂ ಬೇಸರಪಡದೆ ಹವಾಮಾನಕ್ಕೆ ಹೋಗಿಬಿಡುತ್ತಿದ್ದ. ಕೆಲವು ಸಂಜೆ ಅವರು ತೊಗರಿಯ ಸಾರಿಗೆ ಬೇಕೆಂದೇ ಒಂದು ಹಿಡಿ ಉಪ್ಪು ಹೆಚ್ಚು ಹಾಕುತ್ತಿದ್ದರು. ಒಂದು ಚಮಚ ಬಾಯಿಗಿಟ್ಟು ಕಾಯುತ್ತಿದ್ದರು. ಎದುರಿನ ಕುರ್ಚಿ ಏನೂ ಅನ್ನುತ್ತಿರಲಿಲ್ಲ. ಆಮೇಲೆ ತಾವೇ ಎದ್ದು ನೀರು ಹಾಕಿಕೊಳ್ಳುತ್ತಿದ್ದರು.

ಹಾಗಿರುವಾಗ ಈ ವರ್ಷದ ಆರಂಭದಲ್ಲಿ, ಪಾಠ ಮಾಡುತ್ತ ಮಾಡುತ್ತ ಅವರು ಒಂದು ಮಾತು ಆಡಿದರು: "ನಮ್ಮ ಹಾರೊದ ಚರ್ಚು ನೋಡಿ, ಕಂಬಗಳ ಮೇಲೆಲ್ಲ ಬರೀ ಹೆಣ್ಣು ಸಂತರು."

ಹೆಣ್ಣು ಸಂತರಿರುವ ಚರ್ಚು ಮೊಲೊದ್ದು. ಇದು ನಮ್ಮೂರಿನ ಬೆಕ್ಕುಗಳಿಗೂ ಗೊತ್ತು. ಸಾಲದ್ದಕ್ಕೆ ಸರ್ ಮನೆ ಇರುವುದೇ ಆ ಚರ್ಚಿನ ಹಿಂದೆ. ಅದರ ಗಂಟೆ ಬಾರಿಸಿದರೆ ಅವರ ತಟ್ಟೆಯಲ್ಲಿನ ಮೀನು ಎದ್ದು ಕೂರುತ್ತದೆ. ತಪ್ಪು ಅವರಿಗೆ ಹೊಳೆದದ್ದು ಸಂಜೆ, ಅದೇ ಚರ್ಚನ್ನು ದಾಟಿ ಮನೆಗೆ ಹೋಗುವಾಗ. ಗಕ್ಕನೆ ನಿಂತರು. ನಲವತ್ತು ಮಕ್ಕಳು ಕೇಳಿಸಿಕೊಂಡಿದ್ದಾರೆ. ನಲವತ್ತೂ ಬರೆದುಕೊಂಡಿದ್ದಾರೆ. ಒಂದು ಹುಬ್ಬೂ ಮೇಲೆ ಹೋಗಲಿಲ್ಲ.

ಅವತ್ತು ಅವರಿಗೆ ಅವಮಾನವಾಗುವ ಬದಲು ಒಂದು ಉಪಾಯ ಹೊಳೆಯಿತು. ಇವರನ್ನು ಕೆರಳಿಸಬೇಕು. ಬೇಕೆಂದೇ ತಪ್ಪು ಹೇಳಬೇಕು, ದಿನದಿನಕ್ಕೆ ಇನ್ನೂ ದೊಡ್ಡ ತಪ್ಪು, ತಡೆಯಲಾರದೆ ಒಬ್ಬರಾದರೂ "ಅದು ಸುಳ್ಳು ಸರ್" ಎನ್ನುವವರೆಗೆ.

ಮಾರನೆಯ ದಿನ ಸರ್ ಮುಖ ಗಂಭೀರ ಮಾಡಿಕೊಂಡು, ನಮ್ಮ ಪನಾಯ್ ದ್ವೀಪ ವರ್ಷಕ್ಕೊಂದು ಮೈಲಿಯಂತೆ ತೈವಾನಿನ ಕಡೆ ತೇಲುತ್ತಿದೆ ಎಂದರು. ಮಕ್ಕಳು ಬರೆದುಕೊಂಡರು. ನಮ್ಮ ಬಾಚೊಯ್ ಶಾವಿಗೆ ಸಾರನ್ನು ಮೊದಲು ಕುದಿಸಿದ್ದು ನಾರ್ವೆಯ ತಿಮಿಂಗಿಲ ಬೇಟೆಗಾರರು ಎಂದರು. ಬರೆದುಕೊಂಡರು. ಕೊನೆಗೆ, ಕಡಲಾಚೆ ಕಣ್ಣಿಗೆ ಕಾಣುವ ಗಿಮರಾಸ್ ದ್ವೀಪದ ಮಾವಿನಹಣ್ಣು ಗೆಣಸಿನ ಹಾಗೆ ನೆಲದೊಳಗೆ ಬೆಳೆಯುತ್ತದೆ ಎಂದು ಹೇಳಿ, ಅದೇ ದ್ವೀಪದಿಂದ ದಿನಾ ದೋಣಿಯಲ್ಲಿ ಬರುವ, ಅಪ್ಪನ ಮಾವಿನ ತೋಪಿನಲ್ಲೇ ಹುಟ್ಟಿ ಬೆಳೆದ ಹುಡುಗನ ಮುಂದೆ ಹೋಗಿ ನಿಂತರು.

"ಏನಂತೀಯ ತೊತೊ, ಮರೀ? ನಿಮ್ಮ ಕಡೇದೇ ವಿಷ್ಯ."

ಹುಡುಗನ ಕತ್ತಿನ ನರ ಉಬ್ಬಿತು. ಅವನ ತಾತ ಮುತ್ತಾತಂದಿರೆಲ್ಲ ಗಂಟಲಿಗೆ ಬಂದು ಕೂತ ಹಾಗಿತ್ತು. ಕೊನೆಗೆ ಅವನು ಮೆಲ್ಲಗೆ ಅಂದ: "ಹೌದು ಸರ್. ಸ್ವಲ್ಪ ಆಳ ಅಗೀಬೇಕು."

ಇಷ್ಟಾದರೂ ಸರ್ ಬಿಡಲಿಲ್ಲ. ಆದರೆ ಆ ವಾರದಿಂದ ಒಂದು ವಿಚಿತ್ರ ಶುರುವಾಯಿತು. ತರಗತಿಗೆ ಬಂದರೆ ಬೋರ್ಡಿನ ಮೇಲೆ ಆವತ್ತಿನ ವಾರ, ತಾರೀಕು, ಕೊಠಡಿಯ ಸಂಖ್ಯೆ ಆಳೆತ್ತರದ ಅಕ್ಷರಗಳಲ್ಲಿ ಬರೆದಿರುತ್ತಿತ್ತು. ಮಕ್ಕಳು ಮಾತಾಡುವ ಮೊದಲು ಪ್ರತಿಸಲ ಹೆಸರು ಹೇಳತೊಡಗಿದರು: "ಸರ್, ನಾನು ಜೆಲ್ಲಾ ಮೇ. ನಿನ್ನೇನೂ ಬಂದಿದ್ದೆ." ಸಂಜೆ ಯಾರೋ ಒಬ್ಬರು ಚೀಲ ಹಿಡಿದುಕೊಂಡು ಜೀಪ್ನಿ ಹತ್ತಿಸುವವರೆಗೆ ಜತೆಗೆ ಬರುತ್ತಿದ್ದರು, ಚಾಲಕನಿಗೆ "ನೋಂಗ್, ಅಣ್ಣಾ, ಇವ್ರನ್ನ ಮೊಲೊ ಚರ್ಚ್ ಹತ್ರಾನೇ ಇಳಿಸಿ, ಮರೀಬೇಡಿ" ಎಂದು ಹೇಳುತ್ತಿದ್ದರು. ಇನ್ನೂ ದೊಡ್ಡದೆಂದರೆ ಮಧ್ಯಾಹ್ನದ ಊಟ. ಲಿಗಾಯಾ ಹೋದಾಗಿನಿಂದ ನಾಲ್ಕು ವರ್ಷ ಕ್ಯಾಂಟೀನಿನ ಮೂಲೆಯಲ್ಲಿ ಗೋಡೆ ನೋಡಿಕೊಂಡು ಉಣ್ಣುತ್ತಿದ್ದ ಮನುಷ್ಯನ ಮುಂದೆ ಈಗ ದಿನಾ ಯಾರಾದರೂ ತಟ್ಟೆ ತಂದು ಕೂರುತ್ತಿದ್ದರು. ಮೀನಿನ ಮುಳ್ಳು ಕೂಡ ಬಿಡಿಸಿಕೊಡುತ್ತಿದ್ದರು.

ಮಕ್ಕಳಿಗೆ ನನ್ನ ಮೇಲೆ ಪ್ರೀತಿ ಹುಟ್ಟಿಬಿಟ್ಟಿದೆ ಎಂದುಕೊಂಡರು ಇಸ್ತೊಂಗ್ ಸರ್. ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳು ಸಿಡಿದು ಎದುರು ಬೆಂಚಿನವರಿಗೆ ತಗಲುವ ಅಪಾಯವಿತ್ತು.

ಒಂದು ಮಧ್ಯಾಹ್ನ ಅವರು ಕ್ಯಾಂಟೀನಿನ ಕಂಬದ ಹಿಂದೆ ಕೈ ತೊಳೆಯುತ್ತಿದ್ದರು. ಈಚೆ ಇಬ್ಬರು ಹುಡುಗಿಯರ ಮಾತು.

"ಏ, ಇವತ್ತು ಸರ್‌ನ ನೋಡ್ಕೊಳ್ಳೋ ಸರದಿ ನಿಂದಲ್ವೇನೆ?"

"ನಂದು ಗುರುವಾರ ಕಣೆ. ಇವತ್ತು ಆ ಮಾವಿನಕಾಯಿದು."

"ಪಾಪ ಕಣೆ. ಮಾವು ನೆಲದೊಳಗೆ ಅಂತೆ. ನಂಗೆ ಅಳು ಬಂತು. ಮನೇಲಿ ಅನ್ನ ಬೇಯಿಸ್ಕೊಂಡು ಉಣ್ತಾರೋ, ಅಕ್ಕೀನೇ ತಿಂತಾರೋ ಯಾರಿಗ್ಗೊತ್ತು."

"ಜೋರಾಗ್ ಮಾತಾಡ್ಬೇಡ್ವೇ. ಕೇಳಿಸ್ಕೊಂಡ್ರೆ ನೊಂದ್ಕೋತಾರೆ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಇಸ್ತೊಂಗ್ ಸರ್ ಕೈ ಎಷ್ಟು ಹೊತ್ತು ತೊಳೆದರೆಂದರೆ ಹಸ್ತರೇಖೆಗಳು ಅಳಿಸಿಹೋಗಿರಬೇಕು. ಈ ಮಕ್ಕಳು ಅವರನ್ನು ಸುಳ್ಳುಗಾರ ಎನ್ನಲಾರರು, ತಪ್ಪು ಎನ್ನಲಾರರು. ಆದ್ದರಿಂದ ಮರೆವಿನ ಕಾಯಿಲೆ ಎಂದು ತೀರ್ಮಾನಿಸಿ, ಒಬ್ಬರಿಗೂ ಹೇಳದೆ, ನಲವತ್ತು ಜನ ಸರದಿ ಹಾಕಿಕೊಂಡು ಸೇವೆ ಮಾಡುತ್ತಿದ್ದಾರೆ. ನಮ್ಮೂರಿನ ಮಕ್ಕಳಲ್ಲದೆ ಬೇರೆ ಯಾರೂ ಇಂಥ ಕೆಲಸ ಮಾಡಲಾರರು.

ಆ ಕ್ಷಣವೇ ಈಚೆ ಬಂದು, ನನಗೇನೂ ಆಗಿಲ್ಲ, ಅದೆಲ್ಲ ಆಟ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊರಟರು ಕೂಡ. ಆಗ ಗಿಮರಾಸಿನ ಹುಡುಗ ಎರಡು ತಟ್ಟೆ ಹಿಡಿದು ನಿಂತಿದ್ದ. "ಸರ್, ನಾನು ಗಿಮರಾಸಿನವ್ನು. ಬನ್ನಿ, ಊಟ ಮಾಡೋಣ." ಹೇಳಿಬಿಟ್ಟರೆ ನಾಳೆಯಿಂದ ಮತ್ತೆ ಗೋಡೆ.

ಸರ್ ಕೂತರು. ಅನ್ನ ಕಲಸುತ್ತ, "ತೊತೊ, ಈ ಮೀನು ಮರದಲ್ಲಿ ಹಣ್ಣಾಗಿದ್ದೋ, ಕಿತ್ತ ಮೇಲೆ ಹಣ್ಣು ಮಾಡಿದ್ದೋ?" ಎಂದು ಕೇಳಿದರು.

"ಮರದಲ್ಲೇ ಸರ್," ಅಂದ ಹುಡುಗ, ಮುಳ್ಳು ಬಿಡಿಸುತ್ತ.

ಹೀಗೆ ವಾದ ಕಲಿಸಲು ಶುರುವಾದ ತಪ್ಪುಗಳು ಊಟದ ಜತೆಗಾರರನ್ನು ಉಳಿಸಿಕೊಳ್ಳುವ ತಪ್ಪುಗಳಾದವು. ಅವರು ಮನೆಗೆ ಹೋಗಿ ರೇಡಿಯೊ ಹಾಕುವುದನ್ನೂ ಬಿಟ್ಟರು. ನಾಳೆ ಏನು ತಪ್ಪು ಹೇಳಲಿ ಎಂದು ಯೋಚಿಸುತ್ತ ಕೂರುತ್ತಿದ್ದರು. ಆಗೆಲ್ಲ ಖಾಲಿ ಕುರ್ಚಿಯ ಕಡೆ ನೋಡುತ್ತಿರಲಿಲ್ಲ. ಲಿಗಾಯಾ ಇದ್ದಿದ್ದರೆ ಒಂದೇ ಮಾತಿನಲ್ಲಿ ಸಿಪ್ಪೆ ಸುಲಿಯುತ್ತಿದ್ದಳು ಎಂದು ಅವರಿಗೆ ಗೊತ್ತಿತ್ತು.

ಸೆಮಿಸ್ಟರು ಮುಗಿಯುತ್ತ ಬಂದಾಗ ಡೀನ್ ಮಿಲಗ್ರಿನಾ ಕರೆದರು. ಆಕೆಯೂ ಅವರ ಹಳೆಯ ವಿದ್ಯಾರ್ಥಿನಿ. ಒಂದು ಕಾಲದಲ್ಲಿ ಬೇಸರವಾಗದ ಹಾಗೆ ಗಲ್ಲಿಗೇರಿಸಬಹುದು ಎಂದು ಪ್ರಬಂಧ ಬರೆದವಳು. ಕೋಣೆಯ ಹೊರಗೆ ಇಡೀ ತರಗತಿ ಗುಂಪುಗೂಡಿತ್ತು. ಇಬ್ಬರು ಹುಡುಗರು ಅವರನ್ನು ಕಂಡೊಡನೆ ಒಂದು ದೊಡ್ಡ ಫ್ಲೆಕ್ಸನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಬಾಗಿಲಗಲದ ಫ್ಲೆಕ್ಸು ಬೆನ್ನ ಹಿಂದೆ ಮುಚ್ಚುವುದೆಲ್ಲಿ? ಮೋಡಗಳ ನಡುವೆ ಅವರ ಮುಖ, ಕೆಳಗೆ "ನೆಮ್ಮದಿಯಿಂದ ವಿಶ್ರಮಿಸಿ, ಇಸ್ತೊಂಗ್ ಸರ್." ಒಂದು ಮೇಣದಬತ್ತಿ ಇಟ್ಟಿದ್ದರೆ ಅವರೇ ತಮಗಾಗಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರೇನೋ.

"ಕೂತ್ಕೊಳ್ಳಿ ಸರ್," ಅಂದರು ಡೀನ್, ಗಾಯಕ್ಕೆ ಎಣ್ಣೆ ಹಚ್ಚುವ ದನಿಯಲ್ಲಿ. "ನಿಮ್ಮ ಅರವತ್ತೈದಕ್ಕೆ ಇನ್ನೂ ಎರಡು ವರ್ಷ ಇದೆ, ನಿಜ. ಆದ್ರೆ ನೀವು ಹೂಂ ಅಂದ್ರೆ ಈ ತಿಂಗಳೇ ವಿಶ್ರಾಂತಿ ತಗೋಬಹುದು. ಮಕ್ಕಳೇ ಬಂದು ಕೇಳ್ಕೊಂಡ್ರು, ಪ್ರೀತಿಯಿಂದ. ಒಂದು ಹೂಂ ಸಾಕು ಸರ್."

ಆ ತರಗತಿ ಹೋದರೆ ಬೆಳಗಿನಿಂದ ರಾತ್ರಿಯವರೆಗೆ ಇಸ್ತೊಂಗ್ ಸರ್ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯುವುದಿಲ್ಲ. ಒಂದು ಹೂಂ. ಅವರ ತಲೆ ಅಭ್ಯಾಸಬಲದಿಂದ ಆಗಲೇ ಅರ್ಧ ಅಲ್ಲಾಡಿಬಿಟ್ಟಿತ್ತು. ಕಷ್ಟಪಟ್ಟು ಕತ್ತು ಹಿಡಿದು ನಿಲ್ಲಿಸಿದರು.

"ಮಿಲಾ, ನನಗೇನೂ ಆಗಿಲ್ಲ. ಅದೆಲ್ಲ ಬೇಕಂತಲೇ ಹೇಳಿದ್ದು. ಒಬ್ರಾದ್ರೂ ಎದುರು ಮಾತಾಡ್ಲಿ ಅಂತ."

ಡೀನ್ ಮುಗುಳ್ನಕ್ಕರು. ಜ್ವರದ ಮಗುವಿನ ಮಾತಿಗೆ ನಗುವ ನಗೆ. ಆಗ ಮೂಲೆಯಲ್ಲಿ ತರಗತಿಯ ಪರವಾಗಿ ನಿಂತಿದ್ದ ಹುಡುಗಿ ಕೆಮ್ಮಿದಳು. ಜೆಲ್ಲಾ ಮೇ, ಮಿಯಾಗಾವೊ ಊರಿನವಳು, ಕೊನೆಯ ಬೆಂಚಿನವಳು. ಇಡೀ ಸೆಮಿಸ್ಟರಿನಲ್ಲಿ ಹೆಸರು, ಹಾಜರಿ ಬಿಟ್ಟು ಬೇರೇನೂ ಹೇಳಿದವಳಲ್ಲ.

"ಸರ್, ತಪ್ಪು ತಿಳೀಬೇಡಿ," ಅಂದಳು, ಜೋಗುಳದ ರಾಗದಲ್ಲೇ. "ಬೇಕಂತಲೇ ಹೇಳ್ದೆ ಅಂತೀರಿ. ಅದಕ್ಕೆ ಸಾಕ್ಷಿ ಬೇಕಲ್ವಾ ಸರ್?"

ಇಸ್ತೊಂಗ್ ಸರ್ ಕುರ್ಚಿಯಲ್ಲಿ ನೆಟ್ಟಗಾದರು.

"ಯಾಕಂದ್ರೆ ಮರೆವು ಇರೋರೂ ಹಾಗೇ ಹೇಳ್ತಾರೆ. ನಮ್ಮ ಲೋಲಾ ಚಪ್ಪಲೀನ ಅನ್ನದ ಪಾತ್ರೇಲಿಟ್ಟು, ಅಜ್ಜಿ ಇದೇನು ಅಂದ್ರೆ, ಬೇಕಂತಲೇ ಇಟ್ಟಿದ್ದೀನಿ, ನಿನಗೇನು ಅಂದ್ರು. ಹಾಗಾಗಿ ನಿಮ್ಮ ಮಾತೊಂದ್ರಿಂದ್ಲೇ ಏನೂ ಗೊತ್ತಾಗಲ್ಲ. ನೀವು ಇದಕ್ಕೆ ಎದುರಾಗಿ, ನಾನು ಪಾಠ ಚೆನ್ನಾಗೇ ಮಾಡ್ತಿದ್ನಲ್ಲ ಅನ್ಬಹುದು. ಮಾಡ್ತಿದ್ರಿ ಸರ್. ಆದ್ರೆ ನಮ್ಮ ಲೋಲಾನೂ ಜಪಮಾಲೆ ಪ್ರಾರ್ಥನೆ ಒಂದಕ್ಷರ ತಪ್ಪಲ್ಲ."

ದೇವರೇ, ಅಂದುಕೊಂಡರು ಸರ್, ಎದುರುವಾದವನ್ನು ತಾನೇ ತಂದು ತಾನೇ ಕೆಡವಿದಳು. ಮೂವತ್ತು ವರ್ಷ ಕಾದ ಮಳೆ ಇವತ್ತೇ ಸುರಿಯಬೇಕೆ, ಅದೂ ನೇರ ತಮ್ಮ ತಲೆಯ ಮೇಲೆ?

"ಎಲ್ಲಾನೂ ಬೇಕಂತಲೇನಾ ಸರ್? ಹಾರೊ ಚರ್ಚಿನ ಹೆಣ್ಣು ಸಂತರೂನಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹೂಂ ಎನ್ನುವುದು ಅವರಿಗೆ ಅಭ್ಯಾಸವೂ ಇತ್ತು.

"ಅಲ್ಲ," ಅಂದರು. "ಅದು ನಿಜವಾದ ತಪ್ಪು. ಉಳಿದದ್ದೆಲ್ಲ ಆಟ."

"ಆ ಆಟದ ವಿಷ್ಯ ಮುಂಚೇನೇ ಮನೇಲಿ ಯಾರಿಗಾದ್ರೂ ಹೇಳಿದ್ರಾ ಸರ್? ಒಬ್ರಿಗೆ ಹೇಳಿದ್ರೂ ಸಾಕು. ನಾನು ಒಪ್ಕೋತೀನಿ."

ಎರಡು ಕುರ್ಚಿಯ ಊಟದ ಮೇಜು ಇಸ್ತೊಂಗ್ ಸರ್ ಕಣ್ಣ ಮುಂದೆ ಬಂತು. ಅಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

"ಇಲ್ಲಮ್ಮ. ಮನೇಲಿ ಯಾರೂ ಇಲ್ಲ."

ಡೀನ್ ಕಣ್ಣೊರೆಸಿಕೊಂಡರು. ಬಾಗಿಲಾಚೆ ಯಾರೋ ಮೂಗೇರಿಸಿದ ಸದ್ದಾಯಿತು. ಜೆಲ್ಲಾ ಮೇಯ ಮುಖವೂ ಸಣ್ಣಗಾಯಿತು, ಆದರೆ ಹಿಂದೆ ಸರಿಯಲಿಲ್ಲ. "ಹಾಗಾದ್ರೆ ನೀವು ವಿಶ್ರಾಂತಿ ತಗೊಳ್ಳೋದೇ ಸರಿ ಸರ್," ಅಂದಳು.

"ಒಂದು ಹೂಂ, ಸರ್," ಅಂದರು ಡೀನ್.

ಇಸ್ತೊಂಗ್ ಸರ್ ಎದ್ದು ನಿಂತರು. ಹುಡುಗಿಯ ಮುಖವನ್ನೇ ನೋಡಿದರು. ಬೇರೆ ಯಾರಿಗೂ ಅಲ್ಲವಾದರೂ ಈ ಹುಡುಗಿಯ ವಾದಕ್ಕೆ ಬಹುಮಾನವಾಗಿ ಹೂಂ ಎಂದುಬಿಡಲೇ ಎಂದು ಒಮ್ಮೆ ಅನ್ನಿಸಿತು. ಅಷ್ಟು ಚೆನ್ನಾಗಿ ಕಟ್ಟಿದ್ದಳು. ಆಮೇಲೆ ಅದೇ ವಾದವನ್ನು ತಲೆಯೊಳಗೆ ಮೊದಲಿಂದ ಇನ್ನೊಮ್ಮೆ ಓದಿದರು, ಕೆಂಪು ಶಾಯಿಯ ಕಣ್ಣಿನಿಂದ. ಕೊನೆಯ ಸಾಲಿನಲ್ಲಿ ತಡೆದರು.

"ಇಲ್ಲ," ಅಂದರು.

ಆ ಮಾತು ಅವರ ಬಾಯಿಂದ ಎಷ್ಟು ಹೊಸದಾಗಿ ಬಂತೆಂದರೆ ಅವರೇ ಹಿಂತಿರುಗಿ ನೋಡಿದರು, ಹಿಂದೆ ಯಾರಾದರೂ ಬಂದು ನಿಂತಿದ್ದಾರೋ ಎಂದು. ಯಾರೂ ಇರಲಿಲ್ಲ.

"ಯಾಕಿಲ್ಲ ಸರ್?" ಅಂದಳು ಜೆಲ್ಲಾ ಮೇ.

"ಯಾಕಂದ್ರೆ ಇಂದೈ, ಮಗಳೇ, ನೀನು ಸಾಧಿಸಿದ್ದು ನನ್ನ ಮನೇಲಿ ಯಾರೂ ಇಲ್ಲ ಅಂತ. ನನ್ನ ತಲೇಲಿ ಯಾರೂ ಇಲ್ಲ ಅಂತ ಅಲ್ಲ. ಸೋಮವಾರ ತಿದ್ಕೊಂಡು ತರಗತಿಗೆ ಬಾ."